ಎಣ್ಣೆಯಲ್ಲದ ಬಾಳೆಹಣ್ಣಿನ ಎಣ್ಣೆ

ಎದುರುಮನೆಯ ಹಿರಿಯಾಕೆ ಕಾಕೂ ನಮ್ಮ ಮನೆಗೆ ಬರುವುದನ್ನು ಯಾಕೆ ಬಿಟ್ಟರು ಎಂದು ಕಳೆದ ಸಲ ಬಂದಾಗ ನೀವು ಮೊಮ್ಮಕ್ಕಳು ಕೇಳಿದಿರಿ. ನಾನು ಒಲೆಯ ಮೇಲಿನ ಹಾಲಿನ ನೆಪ ಮಾಡಿ ಒಳಗೆ ಹೋದೆ. ಬಾಯಿಬಿಟ್ಟು ಹೇಳುವುದು ಮೊದಲಿನಿಂದಲೂ ನನಗೆ ಆಗದ ಕೆಲಸ. ಅಕ್ಕಲಕೋಟದ ಹತ್ತಿರದ ನಮ್ಮ ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರ ಮಾತ್ರ ಇನ್ನೂ ಕೈಯಲ್ಲಿದೆ, ಅದಕ್ಕೆ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬಾರದು. ನಿಮ್ಮ ಅವ್ವ ಓದಿ ಹೇಳಲಿ.

ನಿಮ್ಮ ಅಜ್ಜನಿಗೆ ಸೊಲ್ಲಾಪುರದ ನವಿ ಪೇಠದಲ್ಲಿ ಸಣ್ಣ ಅಂಗಡಿ ಇತ್ತು. ಒಂದು ಬದಿಯಲ್ಲಿ ಐಸ್‌ಕ್ಯಾಂಡಿ, ಶರಬತ್ತು, ಪೆಪ್ಪರಮಿಂಟು ಮಾಡುವವರಿಗೆ ಇಸೆನ್ಸು. ಇನ್ನೊಂದು ಬದಿಯಲ್ಲಿ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರ್ಖಾನೆಗಳಿಂದ ಬರುವವರಿಗೆ ಬಣ್ಣ, ವಾರ್ನಿಷು ತೆಳು ಮಾಡುವ ದ್ರವಗಳು. ಎರಡೂ ಬದಿಯಲ್ಲಿ ಇದ್ದದ್ದು ಬಾಳೆಹಣ್ಣಿನ ವಾಸನೆಯ ಒಂದು ದ್ರವ. ನೋಡಲು ನೀರಿನಂತೆ ಬಣ್ಣವಿಲ್ಲದ್ದು. ಅದರ ಡಬ್ಬಿಯ ಮೇಲೆ ಐಸೋಅಮೈಲ್ ಅಸಿಟೇಟ್ ಎಂದು ಉದ್ದ ಹೆಸರಿರುತ್ತಿತ್ತು. ಪೇಠೆಯಲ್ಲಿ ಆ ಹೆಸರು ಯಾರ ಬಾಯಿಗೂ ಹತ್ತಲಿಲ್ಲ. ಎಲ್ಲರೂ ಮರಾಠಿಯಲ್ಲಿ ‘ಕೇಳ್ಯಾಚಂ ತೇಲ’ ಎನ್ನುತ್ತಿದ್ದರು, ಬಾಳೆಹಣ್ಣಿನ ಎಣ್ಣೆ ಎಂದು. ತಿನ್ನುವ ಪದಾರ್ಥಕ್ಕೆ ಹೋಗುವುದು ಬೇರೆ, ಬಣ್ಣಕ್ಕೆ ಹೋಗುವುದು ಬೇರೆ. ಎರಡಕ್ಕೂ ಅಜ್ಜ ಒಂದೇ ಅಳತೆಪಾತ್ರೆ ಮುಟ್ಟಿಸುತ್ತಿರಲಿಲ್ಲ.

“ಹೆಸರಷ್ಟ ಎಣ್ಣಿ, ಗುಣ ಪೆಟ್ರೋಲಿಂದು” ಎಂದು ನನಗೆ ಹೇಳುತ್ತಿದ್ದರು. ಗಣಪತಿ ಹಬ್ಬ ಮುಗಿದ ಮೇಲೆ ಉಳಿದ ಥರ್ಮೋಕೋಲಿನ ಕಮಾನಿನಿಂದ ಒಂದು ಚೂರು ಮುರಿದು, ಗಾಜಿನ ಬಟ್ಟಲಲ್ಲಿ ಅದರ ಮೇಲೆ ಸ್ವಲ್ಪ ಸುರಿದು ತೋರಿಸಿದ್ದರು. ಬಿಸಿಹಾಲಿಗೆ ಬಿದ್ದ ಸಕ್ಕರೆಯಂತೆ ಅದು ಕರಗಿಹೋಯಿತು. ಅದಕ್ಕೇ ಗಾಜು ಇಲ್ಲವೇ ತಗಡಿನ ಪಾತ್ರೆಯಲ್ಲಿ, ಬಿರಡೆ ಬಿಗಿದು, ನೆರಳಲ್ಲಿ ಇಡುತ್ತಿದ್ದರು. ಅದರ ಆವಿ ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲ ಹಿಡಿದು ಹರಿದು ಬೆಂಕಿ ಇದ್ದಲ್ಲಿಗೆ ತಾನೇ ಹೋಗುತ್ತದೆ. ಸೊಲ್ಲಾಪುರದ ಬೇಸಿಗೆಯಲ್ಲಿ ಅದಕ್ಕೆ ಒಂದು ಕಿಡಿ ಸಾಕು. ನೀರು ಹಾಕಿದರೆ ನೀರಿನ ಮೇಲೆ ತೇಲಿಕೊಂಡೇ ಉರಿಯುತ್ತದೆ. ಹಾಗಾಗಿ ಸಂಜೆ ಎಲ್ಲ ಅಂಗಡಿಗಳಲ್ಲಿ ಲಕ್ಷ್ಮಿಯ ಮುಂದೆ ದೀಪ ಹಚ್ಚಿದರೆ, ನಮ್ಮ ಅಂಗಡಿಯ ಲಕ್ಷ್ಮಿಗೆ ಹೂವು ಮಾತ್ರ. “ನಿಮ್ಮ ಲಕ್ಷ್ಮೀ ಕತ್ತಲದಾಗ ಕುಂತಾಳಲ್ಲೋ ಮಾರಾಯಾ!” ಎಂದು ಪಕ್ಕದ ಬಟ್ಟೆ ಅಂಗಡಿಯವರು ನಗುತ್ತಿದ್ದರು. “ಕತ್ತಲದಾಗರ ಇರಲಿ, ಸುಟ್ಟುಕೊಂಡು ಹೋಗೂದು ಬ್ಯಾಡ” ಎನ್ನುತ್ತಿದ್ದರು ಅಜ್ಜ.

ಅವರ ಅಂಗಿ ಒಗೆಯುವಾಗ ಬಾಳೆಹಣ್ಣಿನ ವಾಸನೆ ಬರುತ್ತಿತ್ತು. ಅವರಿಗೆ ಮಾತ್ರ ಅದು ತಿಳಿಯುತ್ತಿರಲಿಲ್ಲ. ದಿನವೆಲ್ಲ ಅದರಲ್ಲೇ ಇದ್ದರೆ ಮೂಗು ಸೋತು ಸುಮ್ಮನಾಗುತ್ತದೆ. ವಾಸನೆ ಹೋಯಿತೆಂದರೆ ಆವಿ ಹೋಯಿತು ಎಂದಲ್ಲ, ತಲೆನೋವು ಬಂದರೆ ಹೊರಗೆ ಗಾಳಿಗೆ ಹೋಗಬೇಕು ಎನ್ನುತ್ತಿದ್ದರು.

ಅವರು ತೀರಿಕೊಂಡ ಮೇಲೆ ಅಂಗಡಿ ಬೇರೆಯವರ ಕೈಗೆ ಹೋಯಿತು. ಒಂದು ಗಾಜಿನ ಬಾಟಲಿಯನ್ನು ಮಾತ್ರ ನಾನು ಮನೆಗೆ ತಂದೆ. ಒಲೆಗೂ ದೇವರ ದೀಪಕ್ಕೂ ದೂರ, ಪಡಸಾಲೆಯ ಗೋಡೆಯ ಗೂಡಿನಲ್ಲಿ ಇಟ್ಟೆ. ಎಂದಾದರೂ ಮಧ್ಯಾಹ್ನ ಮನೆ ತೀರ ಬಿಕೋ ಎಂದಾಗ ಅಂಗಳಕ್ಕೆ ಒಯ್ದು ಬಿರಡೆ ತೆಗೆದು, ಅವರು ಕಲಿಸಿದಂತೆ ಮೂಗಿಗೆ ಹಿಡಿಯದೆ, ಕೈಯಿಂದ ಗಾಳಿ ಬೀಸಿಕೊಳ್ಳುತ್ತಿದ್ದೆ. ಅವರೇ ಅಂಗಡಿಯಿಂದ ಬಂದು ಚಪ್ಪಲಿ ಬಿಟ್ಟಂತೆ ಅನಿಸುತ್ತಿತ್ತು. ಬಿರಡೆ ಮುಚ್ಚಿದ ಮೇಲೆ ಮನೆ ಮೊದಲಿಗಿಂತ ಖಾಲಿಯಾಗುತ್ತಿತ್ತು.

ಆ ದಿನಗಳಲ್ಲಿ ನನ್ನ ಬಾಗಿಲು ದಾಟಿ ಬರುತ್ತಿದ್ದವರು ಕಾಕೂ ಒಬ್ಬರೇ. ಅವರು ಮಾತಾಡುವುದು, ನಾನು ಹೂಂ ಅನ್ನುವುದು. ಅಷ್ಟೇ ನನಗೆ ಸಾಕಾಗುತ್ತಿತ್ತು. ಪ್ರತಿ ಗುರುವಾರ ಅವರು ಅಕ್ಕಲಕೋಟದ ಗುಡಿಗೆ ಹೋಗುವಾಗ ಓಣಿಯ ಮನೆಮನೆಯಿಂದ ದೇವರ ದೀಪಕ್ಕೆ ಸ್ವಲ್ಪ ಎಣ್ಣೆ ಕೂಡಿಸಿಕೊಂಡು ಒಯ್ಯುತ್ತಾರೆ.

ಒಂದು ಗುರುವಾರ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. “ವೈನೀ, ಎಣ್ಣಿ ಎಲ್ಲಿಟ್ಟೀರಿ? ಬಸ್ಸಿಗಿ ಹೊತ್ತಾತು!” ಎಂದು ಕಾಕೂ ಒಳಗಿನಿಂದ ಕೂಗಿದರು. ನನ್ನನ್ನು ಅವರು ಕರೆಯುವುದು ವೈನಿ, ಅತ್ತಿಗೆ ಎಂದೇ.

“ಗೂಡಿನಾಗೈತಿ, ತಗೋರಿ” ಎಂದೆ. ನನ್ನ ಮನಸ್ಸಿನಲ್ಲಿ ಇದ್ದದ್ದು ದೇವರ ಕೋಣೆಯ ಗೂಡು.

ಬಟ್ಟೆ ಹರವಿ ಒಳಗೆ ಬಂದರೆ ದೇವರ ಗೂಡಿನಲ್ಲಿ ಎಳ್ಳೆಣ್ಣೆ ಹಾಗೇ ಇದೆ. ಪಡಸಾಲೆಯ ಗೂಡು ಬರಿದು. ಅಜ್ಜ ಆ ಬಾಟಲಿಯ ಮೇಲೆ ತಮ್ಮ ಕೈಯಿಂದಲೇ ಮರಾಠಿಯಲ್ಲಿ ‘ಕೇಳ್ಯಾಚಂ ತೇಲ’ ಎಂದು ಬರೆದಿದ್ದರು. ಕಾಕೂ ಅದನ್ನು ಓದಿ, ದೇವರಿಗೆ ಇದೇ ಒಳ್ಳೆಯದೆಂದು ತಿಳಿದಿರಬೇಕು. ಗುಡಿಯಲ್ಲಿ ಅದನ್ನು ಉರಿಯುವ ದೀಪಕ್ಕೆ ಸುರಿಯುವುದು ಕಣ್ಣಿಗೆ ಕಟ್ಟಿತು. ದೀಪದ ಮುಂದೆ ಬಾಗಿದ ಆ ಮುಖ, ಆ ಸೆರಗು.

ನಾನು ಎಂದೂ ಒಬ್ಬಳೇ ಆಟೋ ಹತ್ತಿದವಳಲ್ಲ. ಅಂದು ಒದ್ದೆ ಸೀರೆಯಲ್ಲೇ ಹತ್ತಿದೆ. ಸ್ಟ್ಯಾಂಡಿನಲ್ಲಿ ಅಕ್ಕಲಕೋಟದ ಬಸ್ಸು ಹೊರಡಲು ಗುರುಗುಟ್ಟುತ್ತಿತ್ತು. ಒಳಗಿನಿಂದ ಯಾರೋ “ಬಾಳಿಹಣ್ಣ ಒಬ್ರ ತಿಂತೀರೇನ್ರಿ? ನಮಗೂ ಕೊಡ್ರಿ!” ಎನ್ನುತ್ತಿದ್ದರು, ಬಸ್ಸೆಲ್ಲ ನಗುತ್ತಿತ್ತು. ಬಿರಡೆ ಸಡಿಲಾಗಿದೆ ಎಂದು ತಿಳಿಯಿತು. ಅಷ್ಟರಲ್ಲಿ ಹಿಂದಿನ ಸೀಟಿನ ಮುದುಕರೊಬ್ಬರು ಬೀಡಿ ತುಟಿಗಿಟ್ಟು ಕಡ್ಡಿಪೆಟ್ಟಿಗೆ ತೆಗೆದರು.

“ಕಡ್ಡಿ ಕೊರೀಬ್ಯಾಡ್ರೀ!” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. “ಕಾಕೂ, ಅದು ಎಣ್ಣಿ ಅಲ್ಲ! ಇಳೀರಿ!”

ಕಾಕೂ ಕಿಟಕಿಯಿಂದ ನೋಡಿದರು. “ದೇವರಿಗಿ ಕೊಟ್ಟದ್ದು ತಿರುಗಿ ಕೇಳಾಕ ಬಂದೀರೇನ್ರಿ, ವೈನಿ? ತೇಲ ಅಂತ ನಿಮ್ಮ ಯಜಮಾನ್ರ ಬರದಾರ.”

“ಹೆಸರಷ್ಟರಿ ಎಣ್ಣಿ. ಪೆಟ್ರೋಲ್ ಇದ್ದಂಗೈತಿ ಅದು.”

ಪೆಟ್ರೋಲ್ ಎಂಬ ಮಾತು ಕೇಳಿದ್ದೇ ಅಕ್ಕಪಕ್ಕದ ಸೀಟಿನವರು ಎದ್ದು ದೂರ ಸರಿದರು. ಬೀಡಿ ಕಿಸೆಗೆ ಹೋಯಿತು. “ಆಜಿ, ಖಾಲೀ ಉತರಾ,” ಎಂದು ಕಂಡಕ್ಟರ್ ಕಾಕೂವನ್ನು ಕೈ ಹಿಡಿದು ಕೆಳಗಿಳಿಸಿದ. “ಬಾಂಬ್ ಘೇವೂನ ದೇವದರ್ಶನ!” ಎಂದು ಯಾರೋ ಅಂದರು, ಬಾಂಬು ಹಿಡಿದುಕೊಂಡು ದೇವರ ದರ್ಶನ ಎಂದು. ಮತ್ತೆ ನಗು. ಕಿಟಕಿಗಳನ್ನೆಲ್ಲ ತೆರೆದುಕೊಂಡು ಬಸ್ಸು ಹೊರಟುಹೋಯಿತು. ಎಷ್ಟೋ ವರ್ಷಗಳಲ್ಲಿ ಕಾಕೂಗೆ ತಪ್ಪಿದ ಮೊದಲ ಗುರುವಾರ ಅದು. ಬಾಟಲಿಯನ್ನು ಕಟ್ಟೆಯ ಮೇಲಿಟ್ಟು, ನನ್ನ ಕಡೆ ನೋಡದೆ ಬೇರೆ ಆಟೋದಲ್ಲಿ ಮನೆಗೆ ಹೋದರು.

ಬಿರಡೆ ಬಿಗಿದು, ಬಾಟಲಿಯನ್ನು ಅಲ್ಲಿಂದಲೇ ನೇರವಾಗಿ ಎಂಐಡಿಸಿಯಲ್ಲಿ ಅಜ್ಜನಿಂದ ಕೊಳ್ಳುತ್ತಿದ್ದ ವಾರ್ನಿಷಿನವರಿಗೆ ಒಯ್ದು ಕೊಟ್ಟೆ. ಮೋರಿಗೆ ಸುರಿಯುವಂತಿರಲಿಲ್ಲ, ಮನೆಯಲ್ಲಿ ಇಡುವ ಧೈರ್ಯ ಉಳಿದಿರಲಿಲ್ಲ. ಅಜ್ಜನ ಅಕ್ಷರವಿದ್ದ ಚೀಟಿಯನ್ನಾದರೂ ಕಿತ್ತುಕೊಳ್ಳಬೇಕೆಂದೆ. ಆದರೆ ಹೆಸರಿಲ್ಲದ ಬಾಟಲಿ ಇನ್ನೂ ಅಪಾಯ. ಬಿಟ್ಟು ಬಂದೆ.

ಆಮೇಲಿನ ಗುರುವಾರಗಳಲ್ಲಿ ಕಾಕೂ ಅಕ್ಕಪಕ್ಕದ ಮನೆಗಳಲ್ಲಿ ಎಣ್ಣೆ ಇಸಿದುಕೊಂಡು ನಮ್ಮ ಬಾಗಿಲಲ್ಲಿ ನಿಲ್ಲದೆಯೇ ಹೋದರು. ನಾನು ಎಳ್ಳೆಣ್ಣೆಯ ಗಿಂಡಿ ಹಿಡಿದು ಹೊಸ್ತಿಲಲ್ಲಿ ನಿಲ್ಲುತ್ತಿದ್ದೆ. ಕರೆಯಲು ಬಾಯಿ ಬರುತ್ತಿರಲಿಲ್ಲ. ಅಂದು ಬಸ್‌ಸ್ಟ್ಯಾಂಡಿನಲ್ಲಿ ಬಂದ ದನಿ ಮತ್ತೆ ಬರಲಿಲ್ಲ.

ಹೋದ ಗುರುವಾರ ಅವರು ನಿಂತರು. ಗಿಂಡಿ ಇಸಿದುಕೊಂಡು, ಮೂಗಿನ ಹತ್ತಿರ ಹಿಡಿದು ಮೂಸಿದರು. ಇನ್ನೊಮ್ಮೆ ಮೂಸಿದರು. ತಮ್ಮ ಡಬ್ಬಿಗೆ ಸುರಿದುಕೊಂಡು ಹೋದರು.