ಸಿಳ್ಳೆ ಹಾಕದೆ ಗೇಟು ದಾಟದ ಗಾಡಿ

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ರೈಲು ಓಡುತ್ತಿತ್ತು. ಈ ಮಾತು ಹೇಳಿದರೆ ಹೊಸಪೇಟೆಯಲ್ಲಿ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ "ಮೊಮ್ಮಕ್ಕಳಿಗೇನ್ರಿ ಸರ?" ಎಂದು ಕೇಳುತ್ತಾರೆ. ಮೊಮ್ಮಕ್ಕಳಿಗಲ್ಲ, ನನಗೇ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ನಾನು ಮದುವೆಯಾದ ವರ್ಷ ಶುರುಮಾಡಿದ್ದನ್ನು ರಿಟೈರಾಗಿ ತಲೆ ಬೋಳಾಗುವವರೆಗೂ ಬಿಡಲಿಲ್ಲ. ಪುಟ್ಟ ಹಳಿ, ಪುಟ್ಟ ಸ್ಟೇಷನ್ನು, ಪುಟ್ಟ ಗುಡ್ಡ ಕಟ್ಟುತ್ತಲೇ ಬಂದೆ. ದಿನಾ ಸಂಜೆ ಇಸ್ಪೀಟಾಡುವವನನ್ನು ಯಾರೂ ಯಾಕಪ್ಪಾ ಎಂದು ಕೇಳುವುದಿಲ್ಲ. ರೈಲು ಕಟ್ಟುವವನನ್ನು ಮಾತ್ರ ಎಲ್ಲರೂ ಕೇಳುತ್ತಾರೆ. ಅಂಥವರಿಗೆ ನಾನು ನೆಟ್ಟಗೆ ಉತ್ತರ ಕೊಟ್ಟಿದ್ದು ಕಡಿಮೆ.

ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಅಂತಾರೆ. ನನ್ನ ಹುಚ್ಚು ಮದುವೆಯಿಂದಲೇ ಹತ್ತಿದ್ದು. ನನ್ನ ಹೆಂಡತಿ ಗೇಟ್‌ಮನ್ನನ ಮಗಳು. ಹೊಸಪೇಟೆಯಿಂದ ಸಂಡೂರು ಗುಡ್ಡದ ಕಡೆಗೆ ಹೋಗುತ್ತಿದ್ದ ಮೀಟರ್ ಗೇಜ್ ಲೈನಿನಲ್ಲಿ, ಬಂಡಿದಾರಿಗೆ ಅಡ್ಡ ಇದ್ದ ಒಂದು ಗೇಟು, ಅದರ ಪಕ್ಕ ಒಂದೇ ಕೋಣೆಯ ಕ್ವಾರ್ಟರ್ಸು. ಅವಳು ಹುಟ್ಟಿ ಬೆಳೆದದ್ದು ಅಲ್ಲಿ. ಹೆಣ್ಣು ನೋಡಲು ಹೋದಾಗ ಅವಲಕ್ಕಿ ತಟ್ಟೆ ಹಿಡಿದುಕೊಂಡು ಬಂದವಳು, ಗಾಡಿ ಬರುವ ಸದ್ದಾಗುತ್ತಲೇ ತಟ್ಟೆಯನ್ನು ನಮ್ಮವ್ವನ ಮಡಿಲಿಗಿಟ್ಟು ಹೊರಗೆ ಓಡಿದಳು. ಅವರಪ್ಪ ನಮ್ಮ ಉಪಚಾರದಲ್ಲಿ ಗೇಟು ಮರೆತಿದ್ದರು. ಅವಳು ಗೇಟು ಹಾಕಿ, ಹಸಿರು ಬಾವುಟ ಹಿಡಿದು ನಿಂತು, ಗಾಡಿ ದಾಟಿಸಿ ಒಳಗೆ ಬಂದು, ಏನೂ ಆಗದವಳಂತೆ "ಇನ್ನಷ್ಟು ಹಾಕ್ಲ್ಯಾ?" ಎಂದಳು. ನಾನು ಅಲ್ಲೇ ಬಿದ್ದೆ.

ಆ ಲೈನನ್ನು ನಾನು ಮೇಜಿನ ಮೇಲೆ ಕಟ್ಟಲು ಹೊರಟದ್ದು ಅವಳನ್ನು ಮೆಚ್ಚಿಸುವುದಕ್ಕೆ. ಹೊಸಪೇಟೆಯಲ್ಲಿ ಇಂಥ ಸಾಮಾನು ಮಾರುವವರಿರಲಿಲ್ಲ. ಹಳೆಯ ಬಾಗಿಲುಗಳ ಹಲಗೆ ತಂದು ಮೂರು ಗೋಡೆಗೂ ತಾಗುವಂತೆ ಮೇಜು ಮಾಡಿಸಿದೆ. ಹಳಿ, ಇಂಜಿನ್ನು ಮುಂಬೈಯಿಂದ ಪಾರ್ಸಲ್ಲಿನಲ್ಲಿ ಬಂದವು. ಡಬ್ಬಿಗಳನ್ನು ಡ್ರಾಯಿಂಗ್ ಶೀಟಿನಲ್ಲಿ ನಾನೇ ಮಾಡಿದೆ. ಕಾಲುವೆಗೆ ಗಾಜು, ಕಬ್ಬಿನ ಹೊಲಕ್ಕೆ ಪೊರಕೆ ಕಡ್ಡಿ, ಮರಗಳಿಗೆ ಒಣಗಿದ ಹೀರೇಕಾಯಿ ನಾರು. ಮರಗಳೆಲ್ಲ ಅವಳ ಕೈಯವು. ಹಂಪಿಯ ದಾರಿಯಲ್ಲಿ ಸಿಕ್ಕ ಕಲ್ಲುಗಳನ್ನು ಒಂದರ ಮೇಲೊಂದು ಕೂಡಿಸಿ ಗುಡ್ಡ ಮಾಡಿದೆ. ಕಣ್ಣೆದುರು ಅಷ್ಟು ಕಲ್ಲಿರುವಾಗ ಕಾಗದದ ರೊಟ್ಟಿನಲ್ಲಿ ಬಂಡೆ ಯಾಕೆ ಮಾಡಲಿ? ಮೇಜಿನ ಕಾಲು ಬಾಗಿತು, ಇನ್ನೆರಡು ಕಾಲು ಕೊಟ್ಟೆ.

ಅವಳು ಕೇಳಿದ್ದು ಎರಡೇ. ಒಂದು, ಅವರಪ್ಪನ ಗೇಟು ಇದ್ದಲ್ಲೇ ಇರಬೇಕು. ಇನ್ನೊಂದು, ಗೇಟಿಗೆ ಸ್ವಲ್ಪ ಮೊದಲು ಹಳದಿ ಬೋರ್ಡು ಬೇಕು, ಡ್ರೈವರನಿಗೆ ಸಿಳ್ಳೆ ಹಾಕು ಎಂದು ಹೇಳುವ ಬೋರ್ಡು. ಬೋರ್ಡು ಬರೆದು ನಿಲ್ಲಿಸಿದೆ.

"ಸಿಳ್ಳೆ ಯಾರು ಹಾಕ್ತಾರ?" ಎಂದಳು.

"ಆಟದ ರೈಲಿಗೆ ಸಿಳ್ಳೆ ಎಲ್ಲಿಂದ ತರ್ಲಿ?"

"ಸಿಳ್ಳೆ ಹಾಕದ ಗಾಡಿ ಗೇಟು ದಾಟಂಗಿಲ್ರಿ. ನಮ್ಮಪ್ಪ ಬಿಡಂಗಿಲ್ಲ."

ಹಾಗೆಂದವಳು ತುಟಿ ಮಡಚಿ ತಾನೇ ಹಾಕಿದಳು. ಉದ್ದಕ್ಕೆ, ಕೊನೆಯಲ್ಲಿ ತುಸು ಇಳಿದು, ಥೇಟು ಆ ಲೈನಿನ ಗಾಡಿಯ ಕೂಗು. ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ನಮ್ಮವ್ವ ಮೊರ ಕೆಳಗಿಟ್ಟು, "ಹೆಣ್ಣುಮಕ್ಕಳು ಸಿಳ್ಳೆ ಹೊಡದ್ರ ಮನಿಗೆ ಶನಿ ಬರ್ತಾನ" ಎಂದು ಕೂಗಿದಳು. "ಅತ್ತೀ, ನಾ ಹೊಡೀಲಿಲ್ಲ, ಗಾಡಿ ಹೊಡೀತು" ಎಂದು ಇವಳು ಉತ್ತರ ಕೊಟ್ಟಳು. ಅಂದಿನಿಂದ ಅದೇ ನಮ್ಮ ಮನೆಯ ಪದ್ಧತಿಯಾಯಿತು. ಗಾಡಿ ಬಿಡುವುದು ನಾನು, ಸಿಳ್ಳೆ ಅವಳದು. ಅವಳು ಅಡುಗೆಮನೆಯಲ್ಲಿದ್ದರೆ ಗಾಡಿ ಹಳದಿ ಬೋರ್ಡಿನ ಹತ್ತಿರ ನಿಂತು ಕಾಯುತ್ತಿತ್ತು. ಒಗ್ಗರಣೆ ಮುಗಿಸಿ ಬಾಗಿಲಿಗೆ ಬಂದು ಸಿಳ್ಳೆ ಹಾಕಿದ ಮೇಲೆಯೇ ಮುಂದಿನ ಪಯಣ. ಜಗಳವಾಡಿದ ದಿನ ಬೇಕೆಂದೇ ಬರುತ್ತಿರಲಿಲ್ಲ, ಗಾಡಿ ಸಂಜೆಯೆಲ್ಲ ಅಲ್ಲೇ ಬಿದ್ದಿರುತ್ತಿತ್ತು. ನನಗೆ ಸಿಳ್ಳೆ ಬರುವುದಿಲ್ಲ. ಅವಳು ಎಷ್ಟೋ ಸಲ ಕಲಿಸಲು ನೋಡಿದಳು, ನನ್ನ ಬಾಯಿಂದ ಬರೀ ಉಗುಳು ಹಾರಿತು.

ಎಲ್ಲ ಸರಿಯಾಯಿತು, ಬಣ್ಣವೊಂದು ಸರಿಯಾಗಲಿಲ್ಲ. ಸಂಡೂರಿನ ಕಡೆಯ ಆ ಕೆಂಪು. ಮಣ್ಣು ಕೆಂಪು, ಹಳಿ ಕೆಂಪು, ಎಲೆ ಕೆಂಪು, ಎಮ್ಮೆ ಸಹ ಕೆಂಪು. ಕುಂಕುಮ ಬೆರೆಸಿದೆ, ಕೆಮ್ಮಣ್ಣು ಬಳಿದೆ, ಪೋಸ್ಟರ್ ಬಣ್ಣದ ಬಾಟಲಿಗಳನ್ನು ಖಾಲಿ ಮಾಡಿದೆ. ಡ್ರಾಯಿಂಗ್ ಮೇಷ್ಟ್ರ ಕಣ್ಣಿಗೆ ಯಾವುದೂ ಒಪ್ಪಲಿಲ್ಲ. ಕೊನೆಗೆ ಅದಿರು ಲಾರಿ ಓಡಿಸುತ್ತಿದ್ದ ಅವಳ ತಮ್ಮ ನಕ್ಕು, "ಮಾವಾ, ಬಣ್ಣ ಯಾಕ ಬೇಕು? ಮಾಲೇ ತಂದು ಕೊಡ್ತೀನಿ ತಡಿ" ಎಂದ. ಒಂದು ಎಣ್ಣೆ ಡಬ್ಬದ ತುಂಬ ಅದಿರಿನ ಪುಡಿ ತಂದುಕೊಟ್ಟ. ಗೋಧಿ ಹಿಟ್ಟಿನಷ್ಟು ನುಣುಪು. ತೆಳ್ಳಗೆ ಅಂಟು ನೀರು ಹೊಡೆದು ಜರಡಿಯಲ್ಲಿ ಅದನ್ನು ಉದುರಿಸಿದೆ. ಮೇಜಿನ ಮೇಲೆ ಸಂಡೂರು ಎದ್ದು ಕೂತಿತು. ನನಗೆ ಕಣ್ಣಲ್ಲಿ ನೀರು ಬಂತು. ಜೀವಮಾನದಲ್ಲಿ ಒಂದೇ ಒಂದು ಬಣ್ಣ ನನಗೆ ಸರಿಯಾಗಿ ಸಿಕ್ಕಿದ್ದು ಅದು.

ಆ ಪುಡಿ ಅಂಟಿದಲ್ಲಿ ಕೂರಲಿಲ್ಲ. ಗಾಡಿ ಓಡಿದ ಹಾಗೆ ಎದ್ದು ಹಳಿಯ ಮೇಲೆ ಬೀಳುತ್ತಿತ್ತು, ಇಂಜಿನ್ನು ಮುಗ್ಗರಿಸುತ್ತಿತ್ತು. ಬಟ್ಟೆಯಲ್ಲಿ ಒರೆಸಿದರೆ ನೂಲಿನ ಎಳೆ ಸಿಕ್ಕಿಕೊಳ್ಳುತ್ತದೆ, ಬ್ರಷ್ಷಿನಲ್ಲಿ ಗುಡಿಸಿದರೆ ಮರ ಕೀಳುತ್ತದೆ. ಉಳಿದದ್ದು ಊದುವುದು. ನನ್ನದು ಮೊಂಡ ಉಸಿರು, ಅವಳದು ಸಿಳ್ಳೆಯ ಉಸಿರು, ಸಣ್ಣಗೆ, ಗೆರೆ ಎಳೆದ ಹಾಗೆ ನೇರ. "ಏ, ಬಾರೇ, ಇಲ್ಲೊಂಚೂರು ಊದು" ಅನ್ನುತ್ತಿದ್ದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಜಿನ ಮೇಲೆ ಬಗ್ಗಿ, ಹಳಿಯುದ್ದಕ್ಕೂ ಊದಿಕೊಂಡು ಹೋಗುತ್ತಿದ್ದಳು. ಎದ್ದ ಕೆಂಪು ಅವಳ ರೆಪ್ಪೆಯ ಮೇಲೆ, ಮೂಗುತಿಯ ಸುತ್ತ ಕೂರುತ್ತಿತ್ತು. ಅದನ್ನು ನೋಡಿ ನಾನು ನಗುತ್ತಿದ್ದೆ. ಪ್ರತಿ ಸಂಜೆ ಗಾಡಿ ಬಿಡುವ ಮೊದಲು ಇದು ನಡೆಯುತ್ತಿತ್ತು, ವರ್ಷಗಟ್ಟಲೆ.

ಮೀಟರ್ ಗೇಜ್ ಹೋಯಿತು. ನಿಜವಾದ ಗೇಟೂ ಹೋಯಿತು, ಕ್ವಾರ್ಟರ್ಸಿನ ಗೋಡೆ ಕುಸಿದು ಜಾಲಿ ಬೆಳೆಯಿತು. ಮಾವನವರು ತೀರಿಕೊಂಡರು. ಆಮೇಲೆ ಅದಿರಿನ ಭರಾಟೆಯ ವರ್ಷಗಳು ಬಂದವು. ಊರಿನ ಮುಂದೆ ಲಾರಿಗಳು ಸಾಲುಗಟ್ಟಿ ನಿಂತವು. ಕಿಟಕಿ, ಹಾಲಿನ ಪಾತ್ರೆ, ಒಣಗಿ ಹಾಕಿದ ಬಿಳಿ ಪಂಚೆ, ಎಲ್ಲ ಕೆಂಪಾದವು. ಆಗ ನಾನು ಜಂಬದಿಂದ, "ನೋಡು, ನನ್ನ ಬಣ್ಣ ಊರಿಗೆಲ್ಲ ಹತ್ತಿತು" ಎಂದಿದ್ದೆ. ಇದನ್ನೇಕೆ ಹೇಳುತ್ತೇನೆಂದರೆ, ಅವಳ ಎದೆಯೊಳಗೆ ಸೇರಿದ ಧೂಳು ಊರಿನದೋ ನನ್ನ ಕೋಣೆಯದೋ ಎಂದು ಬೇರ್ಪಡಿಸುವವರು ಯಾರು? ಈ ವಾದವನ್ನು ನಾನು ಮಗಳ ಎದುರು ಮಾಡಿದ್ದೇನೆ, ಕನ್ನಡಿಯ ಎದುರೂ ಮಾಡಿದ್ದೇನೆ. ಎಲ್ಲಿಯೂ ಗೆದ್ದಿಲ್ಲ.

ಮೊದಲು ಒಣಕೆಮ್ಮು ಬಂತು. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಆಮೇಲೆ ಹಿಟ್ಟು ನಾದಿದರೂ ಏದುಸಿರು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಶ್ವಾಸಕೋಶ ಗಟ್ಟಿಯಾಗುತ್ತಿದೆ, ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ ಎಂದರು. ಯಾಕೆ ಹೀಗಾಯಿತು ಎಂದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ಧೂಳು ಇರಬಹುದು, ಬೇರೆಯೂ ಇರಬಹುದು. ಮನೆಯಲ್ಲಿ ಮಾತ್ರ ಧೂಳು ಇರಬಾರದು" ಎಂದರು. ಅವತ್ತೇ ಹಿಂದಿನ ಕೋಣೆಗೆ ಬೀಗ ಹಾಕಿದೆ. ಈಗ ಅವಳ ಮಂಚದ ಪಕ್ಕ ಆಕ್ಸಿಜನ್ ಮಿಷನ್ನು ಗುಂಯ್‌ಗುಡುತ್ತಿರುತ್ತದೆ. ಅದರ ಕೊಳವೆಯ ಉದ್ದವೆಷ್ಟೋ ಅವಳ ಲೋಕ ಅಷ್ಟು.

ಕಂಪ್ಲಿಗೆ ಕೊಟ್ಟ ಮಗಳು ಬಂದವಳು ಬೀಗ ನೋಡಿ ಸಿಟ್ಟಾದಳು.

"ಅಪ್ಪಾ, ಬೀಗ ಹಾಕಿದ್ರ ಧೂಳು ಹೋಗ್ತೈತೇನು? ಬಾಗಿಲ ಸಂದಿಗುಂಟ ಬರ್ತೈತಿ. ಎಲ್ಲಾ ತಗದು ಹೊರಗ ಹಾಕು."

"ಹಾಕ್ತೀನಿ ತಡಿ."

"ಯಾವಾಗ? ನಿನಗ ಅವ್ವ ಬೇಕೋ ಆ ರೈಲು ಬೇಕೋ ಹೇಳಿಬಿಡು."

ಹೊಡೆದುಬಿಡಬೇಕು ಎನ್ನುವಷ್ಟು ಕೋಪ ಬಂತು, ಯಾಕೆಂದರೆ ಅವಳು ಕೇಳಿದ್ದು ಸರಿಯಾಗಿತ್ತು. ಭಾನುವಾರ ಸೋದರಮಾವನನ್ನು ಕರೆದುಕೊಂಡು ಬಂದು ತಾನೇ ಖಾಲಿ ಮಾಡಿಸುತ್ತೇನೆ ಎಂದು ಹೇಳಿ ಹೋದಳು. ಮಂಚದ ಮೇಲಿಂದ ಎಲ್ಲ ಕೇಳಿಸಿಕೊಂಡಿದ್ದ ನನ್ನ ಹೆಂಡತಿ, ಮಗಳು ಹೋದ ಮೇಲೆ ಕೈಸನ್ನೆ ಮಾಡಿ ಹತ್ತಿರ ಕರೆದಳು.

"ತಗೀರಿ, ಬ್ಯಾಡ ಅನ್ನಂಗಿಲ್ಲ. ತಗಿಯೋಕು ಮೊದ್ಲ ಒಂದ್ಸಲ ಬಿಡ್ರಿ. ನಮ್ಮ ಗೇಟು ದಾಟೋದು ನೋಡ್ತೀನಿ."

ಅಷ್ಟೇ ಅವಳು ಕೇಳಿದ್ದು. ಮದುವೆಯಾದಾಗ ಎರಡು ಕೇಳಿದ್ದಳು, ಇದು ಮೂರನೆಯದು.

ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಇದ್ದ ಇಂಜಿನ್ನುಗಳಲ್ಲಿ ಒಂದೂ ಅಲುಗಲಿಲ್ಲ. ಅವುಗಳಲ್ಲೊಂದು ಹಸಿರು ಇಂಜಿನ್ನನ್ನು ಬಿಚ್ಚಿ ನೋಡಿದೆ. ಮೋಟರಿನ ಒಳಗಿನ ಮ್ಯಾಗ್ನೆಟ್ಟಿಗೆ ಕೆಂಪು ಪುಡಿಯ ಗಡ್ಡ ಬಂದಿತ್ತು. ಆ ಅದಿರಿನಲ್ಲಿ ಮ್ಯಾಗ್ನೆಟ್ಟು ಹಿಡಿಯುವ ಕಣ ಇರುತ್ತದೆ. ಅದು ಕಬ್ಬಿಣ ಎಂದು ಈ ಸೀಮೆಯ ಹಸುಗೂಸಿಗೂ ಗೊತ್ತು. ಮ್ಯಾಗ್ನೆಟ್ಟಿನ ಬಾಯಿಗೆ ನಾನೇ ವರ್ಷಗಟ್ಟಲೆ ಕಬ್ಬಿಣ ಉಣ್ಣಿಸಿದ್ದೆ. ಬೇರೆ ಊರಿನವನಾಗಿದ್ದರೆ ಬಣ್ಣ ಬಳಿದು ಸುಮ್ಮನಾಗುತ್ತಿದ್ದ. ಪೆಟ್ರೋಲಿನಲ್ಲಿ ಅದ್ದಿದೆ, ಸೂಜಿಯಲ್ಲಿ ಕೆರೆದೆ, ಅಂಟುಟೇಪು ಒತ್ತಿ ಒತ್ತಿ ಕಿತ್ತೆ. ಎಷ್ಟು ತೆಗೆದರೂ ಒಳಗೊಂದಿಷ್ಟು ಉಳಿಯಿತು. ಡಾಕ್ಟರು ಹೇಳಿದ್ದು ನೆನಪಾಗಿ ಸೂಜಿ ಕೆಳಗಿಟ್ಟೆ, ಇದ್ದ ಹಾಗೇ ಇಂಜಿನ್ನು ಜೋಡಿಸಿದೆ.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಒದ್ದೆ ಬಟ್ಟೆಯಲ್ಲಿ ನೆಲ, ಮೇಜಿನ ಅಂಚು ಒರೆಸಿ, ಅವಳನ್ನು ಮೆಲ್ಲಗೆ ನಡೆಸಿಕೊಂಡು ಬಂದೆ. ಕೊಳವೆ ಹೊಸ್ತಿಲ ತನಕ ಬಂತು, ಮುಂದೆ ಬರಲಿಲ್ಲ. ಹೊಸ್ತಿಲಲ್ಲೇ ಕುರ್ಚಿ ಹಾಕಿದೆ. ಅವಳು ಬಹಳ ಹೊತ್ತು ಮೇಜು ನೋಡಿದಳು.

"ನನ್ನ ಮರ ಹಂಗ ಅದಾವಲ್ರಿ" ಎಂದಳು.

ಸ್ವಿಚ್ಚು ಹಾಕಿದೆ. ಗಾಡಿ ಹೊಸಪೇಟೆ ಸ್ಟೇಷನ್ನು ಬಿಟ್ಟಿತು. ಬಿಟ್ಟೇಬಿಟ್ಟಿತು! ಅವಳ ಮುಖ ಅರಳಿತು. ಕಾಲುವೆಯ ಸೇತುವೆ ಹತ್ತುವಾಗ ತೊದಲಿತು, ನಿಂತಿತು, ಸುಟ್ಟ ವಾಸನೆ ಬಂತು. ಸ್ವಿಚ್ಚು ಆರಿಸಿ ಒಂದು ಬೆರಳಿನಿಂದ ಗಾಡಿಯನ್ನು ತಳ್ಳಿಕೊಂಡು ಹೋದೆ. ಕಬ್ಬಿನ ಹೊಲ ದಾಟಿಸಿ, ಹಂಪಿಯ ಕಲ್ಲು ಸುತ್ತಿಸಿ, ಹಳದಿ ಬೋರ್ಡಿನ ಹತ್ತಿರ ತಂದು ಬೆರಳು ತೆಗೆದೆ. ಅಭ್ಯಾಸಬಲ. ಅವಳ ಕಡೆ ತಿರುಗಿದೆ.

ಅವಳು ತುಟಿ ಮಡಚಿದಳು. ಉಸಿರು ಬಂತು, ಸದ್ದು ಬರಲಿಲ್ಲ. ಇನ್ನೊಮ್ಮೆ ಮಡಚಿದಳು. ಈ ಸಲ ಕೆಮ್ಮು ಬಂತು. ಬಂದದ್ದು ನಿಲ್ಲಲಿಲ್ಲ, ಮೈಯೆಲ್ಲ ಹಿಂಡಿ ಹಾಕಿತು. ಬೆನ್ನು ಸವರುತ್ತಾ "ಬ್ಯಾಡ, ನಾನ ಹಾಕ್ತೀನಿ" ಎಂದು ಬಾಯಿ ಮಾಡಿದೆ. ಇಷ್ಟು ವರ್ಷದಲ್ಲಿ ಬಾರದ್ದು ಆಗ ಬರುತ್ತದೆಯೇ? ಬರೀ ಗಾಳಿ. "ಹಂಗ ದಾಟಿಸಿಬಿಡ್ಲೇನು? ನಿಮ್ಮಪ್ಪ ಈಗೇನು ನೋಡ್ತಾರ?" ಎಂದು ಕೇಳಿದೆ.

ಅವಳು ತಲೆಯಾಡಿಸಿದಳು. ದಮ್ಮು ಕೂಡಿಸಿಕೊಂಡು ಒಂದೊಂದೇ ಮಾತು ಹೇಳಿದಳು. "ಸಿಳ್ಳೆ ಇಲ್ದ... ದಾಟಂಗಿಲ್ರಿ. ನಾಳೆ... ನೋಡೋಣ."

ನಾಳೆ ಭಾನುವಾರವಾಗಿತ್ತು. ಮಗಳು ಬಂದಳು, ಅವಳ ಸೋದರಮಾವ ಬಂದ. ಒಂದು ಕಾಲಕ್ಕೆ ಎಣ್ಣೆ ಡಬ್ಬ ಹೊತ್ತು ತಂದವನೇ ಈಗ ಹಲಗೆಗಳನ್ನು ಸುತ್ತಿಗೆಯಿಂದ ಬಿಚ್ಚಿದ. ಕಲ್ಲಿನ ಭಾರಕ್ಕೆ ಮೇಜು ಇಡಿಯಾಗಿ ಬರಲಿಲ್ಲ, ಒಡೆದೇ ತೆಗೆಯಬೇಕಾಯಿತು. ಅವನು ನನ್ನ ಮುಖ ನೋಡಲಿಲ್ಲ, ನಾನೂ ಅವನದು ನೋಡಲಿಲ್ಲ. ಕೋಣೆ ತೊಳೆದರು. ಕೆಂಪು ನೀರು ಬಚ್ಚಲ ದಾರಿ ಹಿಡಿದು ಬಹಳ ಹೊತ್ತು ಹರಿಯಿತು. ಆಮೇಲೆ ಸುಣ್ಣ ಬಳಿಸಿ ಅವಳ ಮಂಚವನ್ನು ಅಲ್ಲಿಗೇ ತಂದೆವು, ಗಾಳಿ ಚೆನ್ನಾಗಿದೆ ಎಂದು. ಅವಳ ಉಸಿರಿನಲ್ಲಿ ಏನೂ ಬದಲಾಗಲಿಲ್ಲ. ಈಗ ಮಾತೂ ಕಡಿಮೆಯಾಗಿದೆ. ಬೆಳಿಗ್ಗೆ ಕಿಟಕಿಯ ಅಂಚಿನಲ್ಲಿ ಬೆರಳಾಡಿಸಿದರೆ ಕೆಂಪು ಅಂಟುತ್ತದೆ. ಒರೆಸುತ್ತೇನೆ, ಮರುದಿನ ಮತ್ತೆ ಇರುತ್ತದೆ.

ಒಂದು ಹಲಗೆ ತುಂಡನ್ನು ಮಾತ್ರ ಕೊಡಲಿಲ್ಲ. ಮೊಳದುದ್ದದ ಹಳಿ, ಹಳದಿ ಬೋರ್ಡು, ಗೇಟು, ಹೀರೇಕಾಯಿ ನಾರಿನ ಒಂದು ಮರ. ಧೂಳು ತೊಳೆದು, ಗಾಜಿನ ಪೆಟ್ಟಿಗೆಯಲ್ಲಿಟ್ಟು, ಅವಳು ಮಲಗಿದಲ್ಲಿಂದ ಕಾಣುವ ಹಾಗೆ ಗೋಡೆಯ ಗೂಡಿನಲ್ಲಿಟ್ಟಿದ್ದೇನೆ. ಸುಟ್ಟ ಇಂಜಿನ್ನೂ ಎರಡು ಡಬ್ಬಿಯೂ ಬೋರ್ಡಿನ ಈಚೆಗೇ ನಿಂತಿವೆ. ದಿನಾ ಬೆಳಿಗ್ಗೆ ಮುಖ ಒರೆಸಿದ ಮೇಲೆ ಅವಳು ಒಂದು ಸಲ ಗೂಡಿನ ಕಡೆ ನೋಡುತ್ತಾಳೆ, ಆಮೇಲೆ ನನ್ನ ಕಡೆ ನೋಡುತ್ತಾಳೆ. "ನಾಳೆ ನೋಡೋಣ" ಎನ್ನುತ್ತೇನೆ.