ಔರಾದಿಗೆ ಹೋದ ದಾಸಿಯ ಪಾತ್ರ

ಹೆಣ್ಣೊಬ್ಬಳು ಮಹಾಯಾಜಕನಿಗೆ ಎದುರು ಹೇಳುವ ನಾಟಕ ತಮ್ಮ ಚರ್ಚಿನ ಅಂಗಳದಲ್ಲಿ ಎಂದೂ ಆಗದು ಎಂದವರು ಔರಾದಿನ ಪಾಸ್ಟರ್. ಬರೆದವಳು ನಾನು, ಹೊಲದ ಕೂಲಿಯವರ ಮನೆಯ ಮೊದಲ ಪದವೀಧರೆ. ಅಲ್ಲಿನ ಯುವಕರು ಪಟ್ಟು ಹಿಡಿದಾಗ ಪಾಸ್ಟರ್ ಒಂದು ಷರತ್ತಿನ ಮೇಲೆ ಒಪ್ಪಿದರು: ಮಹಾಯಾಜಕನ ಪಾತ್ರ ತಾವೇ ಮಾಡುವುದು. ಆ ಎತ್ತರದ ಕುರ್ಚಿಯಲ್ಲಿ ಬೇರೆಯವರು ಕೂಡುವುದು ಅವರಿಗೆ ಸರಿಬರಲಿಲ್ಲ. ಎದುರು ಹೇಳುವ ದಾಸಿಯ ಪಾತ್ರ ನನ್ನದು.

ಏಪ್ರಿಲ್ ಬಿಸಿಲೇರುವ ಮೊದಲೇ ಬೀದರಿನಲ್ಲಿ ಬಸ್ಸು ಹತ್ತಿದೆ. ಗಾಂಧಿ ಗಂಜ್ ಮಾರುಕಟ್ಟೆಯ ತೊಗರಿ ಲಾರಿಗಳ ನಡುವೆ ಸಿಕ್ಕು ಬಸ್ಸು ಬಹಳ ಹೊತ್ತು ನಿಂತಿತು. ಹಲಬರ್ಗಾದಲ್ಲಿ ನನ್ನ ಅಜ್ಜಿ ಹತ್ತಿದಳು, ಅವಳಿಗಾಗಿಯೇ ಈ ಸುತ್ತುದಾರಿ ಹಿಡಿದಿದ್ದೆ. ಅವಳನ್ನು ನಾವು ಆಯಿ ಎನ್ನುತ್ತೇವೆ. ಕಂಡಕ್ಟರ್ ಕೊಟ್ಟ ಹೆಂಗಸರ ಶೂನ್ಯ ಟಿಕೆಟನ್ನು ಸೆರಗಿಗೆ ಗಂಟು ಹಾಕಿಕೊಂಡು ನಾಟಕದ ಕಥೆ ಏನೆಂದು ಕೇಳಿದಳು, ಹೇಳಿದೆ. ರಾಜನೂ ಮಹಾಯಾಜಕನ ಮಾತು ಮೀರದ ಊರು ಅದು. ತೆರಿಗೆ ಯಾಕೆಂದು ಕೇಳಿದ ನೇಕಾರ ದೇವದ್ರೋಹಿ ಎಂದು ಸುಳ್ಳು ಸಾಕ್ಷಿ ಹೇಳಲು ದಾಸಿಗೆ ಮಹಾಯಾಜಕನ ಆಜ್ಞೆಯಾಗುತ್ತದೆ. ಅವಳು ಒಲ್ಲೆ ಎನ್ನುತ್ತಾಳೆ, ಶಿಕ್ಷೆಗೆ ಗುರಿಯಾಗುತ್ತಾಳೆ.

"ದೇವರ ಮನುಷ್ಯಾಗ ಎದುರ ಮಾತಾಡ್ತಾರೇನು? ನೀ ಓದಿ ಕೆಟ್ಟಿ ನೋಡು," ಎಂದಳು ಆಯಿ. ಚರ್ಚಿನಲ್ಲಿ ಪಾಸ್ಟರ್ ಕೈ ಎತ್ತಿ ಕೊಡುವ ಆಶೀರ್ವಾದಕ್ಕೆ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುವವಳು ಅವಳು.

ಭಾಲ್ಕಿಯಲ್ಲಿ ಬಸ್ಸು ಬದಲಿಸುವಾಗ ನೆರಳು ನೋಡಿ ಕೂತು ರೊಟ್ಟಿ, ಪುಂಡಿಪಲ್ಯ ಬಿಚ್ಚಿದೆವು. ಆಗ ಪಾಸ್ಟರ್ ಫೋನು ಬಂತು.

"ಕೊನಿಗಿ ಆ ದಾಸಿ ಕಾಲಿಗಿ ಬಿದ್ದು ಕ್ಷಮಾ ಕೇಳ್ಲಿ, ತಂಗಿ. ಇಲ್ಲಂದ್ರ ಪರದಾ ಏಳಂಗಿಲ್ಲ."

"ಬೀಳಂಗಿಲ್ಲರಿ. ನೀವು ಶಿಕ್ಷಾ ಕೊಡ್ರಿ, ನಾ ತಗೋತೇನಿ," ಎಂದೆ. ಫೋನು ಕಟ್ಟಾಯಿತು.

ಕಮಲನಗರದಲ್ಲಿ ಮರಾಠಿ ಮಾತಿನ ಸಂತೆಯೇ ಬಸ್ಸಿಗೆ ಹತ್ತಿತು. ಆಯಿ ನನ್ನ ಹೆಗಲಿಗೆ ಒರಗಿ ಔರಾದಿನವರೆಗೂ ನಿದ್ದೆ ಮಾಡಿದಳು. ನನಗೆ ಹತ್ತಲಿಲ್ಲ.

ಸಂಜೆ ಚರ್ಚಿನ ಅಂಗಳದಲ್ಲಿ ಜನ ಆಗಲೇ ಚಾಪೆ ಹಾಸಿ ಕೂತಿದ್ದರು. ವಾಪಸು ಕಳಿಸುವ ಹಾಗಿರಲಿಲ್ಲ, ಪರದೆ ಎದ್ದಿತು. ಕೊನೆಯ ದೃಶ್ಯದಲ್ಲಿ ನಾನು ಸಾಕ್ಷಿ ಹೇಳಲು ಒಲ್ಲೆ ಎಂದು ನೆಟ್ಟಗೆ ನಿಂತೆ. ಶಿಕ್ಷೆ ಸಾರಲು ಪಾಸ್ಟರ್ ಎರಡೂ ಕೈ ಮೇಲೆತ್ತಿದರು. ಆ ಕೈ ಕಂಡದ್ದೇ ತಡ, ಭಾನುವಾರದ ಆಶೀರ್ವಾದಕ್ಕೆ ಏಳುವಂತೆ ಸಭೆಗೆ ಸಭೆಯೇ ಎದ್ದು ತಲೆ ಬಾಗಿಸಿ ನಿಂತಿತು. ಪಾಸ್ಟರ್ ತಡವರಿಸಿ ಸಭೆಯತ್ತ ಕಣ್ಣಾಡಿಸಿದರು. ಮುಂದಿನ ಸಾಲಿನಲ್ಲಿ ನಮ್ಮ ಆಯಿ ಒಬ್ಬಳೇ ಕಾಲು ಚಾಚಿ ಕೂತೇ ಇದ್ದಳು. ಅವರು ಅವಳನ್ನು ನೋಡಿದರು. ಕೈ ಇಳಿಸಿ, ಸಣ್ಣ ದನಿಯಲ್ಲಿ ಶಿಕ್ಷೆ ಹೇಳಿ ಮುಗಿಸಿದರು. ನಾನು ಬಾಗಲಿಲ್ಲ.

ನಾಟಕ ಬರೆದವರಿಗೆ ಚರ್ಚಿನವರು ಕೊಡುವ ಪ್ರಮಾಣಪತ್ರವನ್ನು ಪಾಸ್ಟರೇ ನನ್ನ ಕೈಗಿಟ್ಟರು. ಆಮೇಲೆ ಆಯಿಯ ಕಡೆ ತಿರುಗಿ, ಮೊಣಕಾಲು ನೋಯುತ್ತದೇನು ಎಂದು ಕೇಳಿದರು.

"ಕಾಲ ಗಟ್ಟಿ ಅದಾವ್ರಿ," ಎಂದಳು ಆಯಿ. "ನೀವು ಆಶೀರ್ವಾದ ಎಲ್ಲಿ ಕೊಡ್ಲತ್ತಿದ್ರಿ? ನಮ್ಮ ಹುಡುಗಿಗಿ ಶಿಕ್ಷಾ ಕೊಡ್ಲತ್ತಿದ್ರಿ. ಅದಕ್ಕ ಏಳ್ಬೇಕೇನ್ರಿ?"