ಹುಳದ ಮೇಷ್ಟ್ರ ಹಿತ್ತಲು

ಹುಳದ ಮೇಷ್ಟ್ರು ಎಂದರೆ ಊರಿಗೆಲ್ಲ ಗೊತ್ತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದ ಮೇಲೆ ಅವರ ಪಾಠವೆಲ್ಲ ಹೆಂಡತಿಯ ಪಾಲಿಗೆ ಬಂತು, ಪಾಪ! ಹಿತ್ತಲಿನ ನಲ್ಲಿ ಸೋರಿ ಸೋರಿ ಒಗೆಯುವ ಕಲ್ಲಿನ ಸುತ್ತ ಪಾಚಿ ಕಟ್ಟಿತ್ತು. ರಿಪೇರಿ ಮಾಡಿಸಿ ಎಂದು ಹೆಂಡತಿ ಗೋಗರೆದರೆ ಮೇಷ್ಟ್ರು ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. ಆ ಹಸಿ ನೆಲದಲ್ಲಿ, ಪಾಚಿ ತಿಂದುಕೊಂಡು, ಉಗುರಿನಷ್ಟೂ ಇಲ್ಲದ ನೆಲಮಿಡತೆಗಳಿದ್ದವು.

“ಮಿಡತೆ ಮರಿ ತಾನೆ? ಬೇರೆ ಕಡೆ ಹೋಗ್ತವೆ ಬಿಡಿ,” ಎಂದರೆ ಮೇಷ್ಟ್ರಿಗೆ ಮೂಗಿನ ತುದಿಗೆ ಕೋಪ.

“ಮರಿ ಅಲ್ಲ ಕಣೆ, ಬೆಳೆದಿರೋದೇ ಇಷ್ಟು. ಕತ್ತಿನ ಮೇಲಿನ ಕವಚ ನೋಡು, ಬೆನ್ನು ಪೂರ್ತಿ ಮುಚ್ಚಿ ಹಿಂದಿನ ತುದಿವರೆಗೂ ಬಂದಿದೆ. ಮಿಡತೆ ಮರಿಗೆ ಅದು ಕತ್ತಿಗೇ ನಿಲ್ಲುತ್ತೆ. ನೆಲ ಒಣಗಿದ್ರೆ ಇವು ಉಳಿಯಲ್ಲ.”

ಹುಳದ ಹೆಸರಿನ ವಿಷಯದಲ್ಲಿ ಅವರು ಪ್ರಿನ್ಸಿಪಾಲರಿಗೂ ಸುಮ್ಮನೆ ಹೂಂಗುಟ್ಟಿದವರಲ್ಲ.

ಒಂದು ದಿನ ಮೇಷ್ಟ್ರು ಅದೇ ಪಾಚಿಯ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅವರು ಆಸ್ಪತ್ರೆಯಲ್ಲಿದ್ದಾಗ ಹೆಂಡತಿ ನಲ್ಲಿ ಸರಿಮಾಡಿಸಿ, ಬ್ಲೀಚಿಂಗ್ ಪುಡಿ ಸುರಿದು, ನೆಲವನ್ನೆಲ್ಲ ತಿಕ್ಕಿ ತಿಕ್ಕಿ ತೊಳೆದರು. ಮತ್ತೆ ಬಿದ್ದರೆ ಗತಿಯೇನು? ಆಗ ಹುಳದ ನೆನಪೇ ಬರಲಿಲ್ಲ.

ಮೇಷ್ಟ್ರು ಇನ್ನು ಎದ್ದು ಓಡಾಡುವುದಿಲ್ಲ ಎಂದು ಡಾಕ್ಟರು ಹೆಂಡತಿಯನ್ನು ಹೊರಗೆ ಕರೆದು ಹೇಳಿದ್ದರು. ಮನೆಗೆ ಬಂದು ಮಂಚ ಹಿಡಿದವರದು ಒಂದೇ ಪ್ರಶ್ನೆ: “ಅವು ಇವೆಯೇನೆ?”

“ಇವೆ ರೀ,” ಎಂದುಬಿಟ್ಟರು ಹೆಂಡತಿ.

“ಒಂದನ್ನ ತಂದು ತೋರಿಸು ಮತ್ತೆ.”

ಆಕೆ ಒಣಗಿದ ಹಿತ್ತಲಲ್ಲಿ ಮಂಡಿಯೂರಿ ಹುಡುಕಿದರು, ರಸ್ತೆಯಾಚೆಯ ಚರಂಡಿಯ ಅಂಚಿನಲ್ಲಿ ಹುಡುಕಿದರು. ಕೊನೆಗೆ ಹುಲ್ಲಿನಲ್ಲಿ ಸಿಕ್ಕ ಕಂದು ಬಣ್ಣದ ಪುಟ್ಟದೊಂದನ್ನು ಗಾಜಿನ ಲೋಟದಲ್ಲಿ ಮುಚ್ಚಿಕೊಂಡು ತಂದರು. ಮೇಷ್ಟ್ರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಹೆಂಡತಿಯ ಮುಖ ನೋಡಿದರು, ಉಗುರಿನ ಸಂದಿಯ ಮಣ್ಣು ನೋಡಿದರು.

“ಹೌದು ಕಣೆ, ಅದೇ,” ಎಂದರು. “ಬಿಟ್ಟುಬಿಡು ಇನ್ನು, ಬದುಕಿಕೊಳ್ಳಲಿ.”

ಹಿತ್ತಲಿಗೆ ಬಂದು ಅದನ್ನು ಬಿಡುವ ಮುನ್ನ ಆಕೆಗೆ ಏನನ್ನಿಸಿತೋ, ಭೂತಗನ್ನಡಿ ತಂದು ತಾವೂ ನೋಡಿದರು. ಇಷ್ಟು ವರ್ಷ ಮೇಷ್ಟ್ರು ಕರೆದರೂ ಬಗ್ಗಿ ನೋಡಿದವರಲ್ಲ. ಕವಚ ಕತ್ತಿಗೇ ನಿಂತಿತ್ತು.

ಯಾರ ದಾಕ್ಷಿಣ್ಯಕ್ಕೂ ತಪ್ಪು ಹೆಸರು ಹೇಳದ ಮನುಷ್ಯ, ಎಲ್ಲ ಗೊತ್ತಾಗಿಯೂ, ಹೆಂಡತಿಗಾಗಿ ಹೇಳಿದ್ದರು. ಆಕೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತು, ಒಳಗೆ ಕೇಳಿಸದ ಹಾಗೆ ಬಾಯಿಗೆ ಕೈ ಒತ್ತಿಕೊಂಡು ಅತ್ತರು.